ಮುಖವಾಡವೂ ಬಯಲೂ

ಸಿಂಧನೂರು-ಲಿಂಗಸುಗೂರು ಹಾದಿಯಲ್ಲಿರುವ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಿಂದ ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳು ಬೆಳಕಿಗೆ ಬಂದವು. ಮೃತರೊಡನೆ ಮಡಕೆಗಳನ್ನೂ ಕಬ್ಬಿಣದ ವಸ್ತುಗಳನ್ನೂ ಇರಿಸಲಾಗಿತ್ತು. ಈಜಿಪ್ಟಿನ ದೊರೆ ತುತಂಖಾಮನ್‌ನ ಮುಖಕ್ಕೆ ಹತ್ತು ಕಿಲೋ ಮೀರಿದ ಚಿನ್ನದ ಮುಖವಾಡವಿತ್ತು. ಹೊರಹೋದ ಆತ್ಮವು ಮರಳಿ ತನ್ನ ದೇಹವನ್ನು ಗುರುತಿಸಬೇಕೆಂಬುದು ಅಲ್ಲಿನ ನಂಬಿಕೆ. ವೀರಶೈವರೂ ಮೃತದೇಹವನ್ನು ಕುಳಿತ ಭಂಗಿಯಲ್ಲಿ, ಇಷ್ಟಲಿಂಗಸಹಿತವಾಗಿ ಸಮಾಧಿ ಮಾಡುತ್ತಾರೆ. ಕ್ರಿಯೆಯ ಈ ಹೋಲಿಕೆಯಿಂದ ಮೂರರ ಭಾವವೂ ಒಂದೇ ಎನ್ನುವ ವಿಮರ್ಶೆಯು ವಚನಗಳ ಹೃದಯವನ್ನೇ ತಪ್ಪಿ ನಡೆಯುತ್ತದೆ. ದೇಹವನ್ನು ದೇಗುಲವಾಗಿ ಕಂಡ ಬಸವಣ್ಣನವರು ಅದನ್ನು ಮರಣದ ಬಳಿಕ ಕಾಪಿಡುವ ಮಾತನ್ನಾಡಲಿಲ್ಲ. ಆ ದೇಗುಲದ ಮಹತ್ವವಿರುವುದು ಜೀವಂತ ಆಚರಣೆಯಲ್ಲಿ. ಮುಖವಾಡವು ವ್ಯಕ್ತಿಯ ಗುರುತನ್ನು ಸಾವಿನಾಚೆಗೂ ಒಯ್ಯಬಯಸುತ್ತದೆ. ಲಿಂಗೈಕ್ಯವು ಆ ಗುರುತನ್ನೇ ಲಿಂಗದಲ್ಲಿ ಕರಗಿಸುತ್ತದೆ. ಅಲ್ಲಮಪ್ರಭುಗಳ ಬಯಲಿಗೆ ಮುಖವಿಲ್ಲ. ಸಮಾಧಿಯ ಮೇಲೆ ಹೆಸರು ಕೆತ್ತಿಸಲು ಹೊರಟ ಭಕ್ತನು ಇದನ್ನೊಮ್ಮೆ ಚಿಂತಿಸುವುದು ಲೇಸು.