ಕಾಲೇಜು ಆಪ್ತಸಮಾಲೋಚನೆ: ಹಾಜರಿ ಲೆಕ್ಕ ಮತ್ತು ಫಲದ ಲೆಕ್ಕ

ಕಾಲೇಜಿನ ಆಪ್ತಸಮಾಲೋಚನೆಯಿಂದ ವಿದ್ಯಾರ್ಥಿಗಳಿಗೆ ಪ್ರಯೋಜನವಾಗಿದೆಯೇ ಎಂದರೆ ಸಂಸ್ಥೆಗಳು ಸಾಮಾನ್ಯವಾಗಿ ಮುಂದಿಡುವುದು ಹಾಜರಿಯ ಲೆಕ್ಕವನ್ನು: ಎಷ್ಟು ಜನ ಬಂದರು, ಎಷ್ಟು ಕಾರ್ಯಾಗಾರ ನಡೆದವು. ಲೆಕ್ಕ ಕೇಳುವವರು ಕೇಳುವುದೂ ಅದನ್ನೇ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಮತ್ತು ವೃತ್ತಿ ಮಾರ್ಗದರ್ಶನದ ‘ಪ್ರಯೋಜನ ಪಡೆದವರ’ ಸಂಖ್ಯೆಗೆ ಅಂಕವಿದೆ. ಆ ಸಂಖ್ಯೆಗೆ ಆಧಾರ ಸಹಿ ಹಾಕಿದ ಹಾಜರಿ ಪಟ್ಟಿ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಇದು ಬಹುಕಾಲದಿಂದ ಆಗಬೇಕಿದ್ದ ಕೆಲಸ. ಆದರೆ ಅದೇ ಮಾರ್ಗಸೂಚಿ ಬಯಸುವ ವಾರ್ಷಿಕ ವರದಿಯಲ್ಲೂ ಕಾಣಬೇಕಾದದ್ದು ನಡೆದ ಚಟುವಟಿಕೆಗಳ ಎಣಿಕೆ.

ಚೆನ್ನೈನ ಗಿಂಡಿ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಜಾಗ. 1794ರ ಸರ್ವೆ ಶಾಲೆಯಿಂದ ಬೆಳೆದ ಎಂಜಿನಿಯರಿಂಗ್ ಕಾಲೇಜು, ಅದನ್ನು ಒಳಗೊಂಡ ಅಣ್ಣಾ ವಿಶ್ವವಿದ್ಯಾಲಯ, ಕೂಗಳತೆಯಲ್ಲೇ 1959ರ ಐಐಟಿ ಮದ್ರಾಸ್. ವಿದ್ಯಾರ್ಥಿಗಳ ಸಾವುಗಳ ಬಳಿಕ 2023ರಲ್ಲಿ ಐಐಟಿಯು ಮನಃಸ್ಥಿತಿಯ ಸಮೀಕ್ಷೆ ಕೈಗೊಂಡಿತು. ‘ಬಿ ಹ್ಯಾಪಿ’ ಎಂಬ ಜಾಲತಾಣವನ್ನೂ ತೆರೆಯಿತು. ಯಾರಿಗೆ ನೆರವು ಬೇಕೆಂಬುದನ್ನು ಸಮೀಕ್ಷೆ ತಿಳಿಸಬಲ್ಲದು. ಕೊಟ್ಟ ನೆರವು ಫಲಿಸಿತೇ ಎಂಬುದಕ್ಕೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ಮತ್ತೆ ಅಳೆಯಬೇಕು.

ಅಳೆಯುವ ಸಾಧನಗಳಿಗೇನೂ ಕೊರತೆಯಿಲ್ಲ. ಖಿನ್ನತೆಗೆ ಬಳಸುವ ಪಿಎಚ್‌ಕ್ಯೂ-9ರಲ್ಲಿ ಒಂಬತ್ತೇ ಪ್ರಶ್ನೆ: ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ, ಏಕಾಗ್ರತೆ ಹೇಗಿದ್ದವು ಎಂಬಂಥವು. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಅಂಕ ಐದರಷ್ಟು ಇಳಿದರೆ ಗಣನೀಯ ಸುಧಾರಣೆ ಎಂದು ಎಣಿಸುವುದುಂಟು.

ತೊಡಕಿರುವುದು ಕ್ಯಾಲೆಂಡರಿನಲ್ಲಿ. ನವೆಂಬರಿನಲ್ಲಿ, ಸೆಮಿಸ್ಟರ್ ಪರೀಕ್ಷೆ ಎದುರಿಗಿರುವಾಗ, ಇಬ್ಬರು ವಿದ್ಯಾರ್ಥಿಗಳ ಅಂಕ 16 ಎಂದಿಟ್ಟುಕೊಳ್ಳೋಣ. ಒಬ್ಬ ಸಮಾಲೋಚಕರಲ್ಲಿಗೆ ನಾಲ್ಕು ಸಲ ಹೋದ. ಇನ್ನೊಬ್ಬ ಹಾಸ್ಟೆಲ್ ಕೋಣೆ ಬಿಟ್ಟು ಕದಲಲಿಲ್ಲ. ಪರೀಕ್ಷೆ ಮುಗಿದು ಊರಿಗೆ ಹೋಗಿ ಬಂದ ಮೇಲೆ ಇಬ್ಬರದೂ 9. ಮೊದಲನೆಯವನ ಅಂಕ ಮಾತ್ರ ವರದಿಗೆ ಸೇರಿದರೆ ಏಳು ಅಂಕದ ಇಳಿಕೆಯ ಶ್ರೇಯವೆಲ್ಲ ಸಮಾಲೋಚನೆಗೆ ಸಲ್ಲುತ್ತದೆ. ತೀರಾ ಕಂಗೆಟ್ಟಾಗಲೇ ಜನ ನೆರವು ಕೇಳುತ್ತಾರಾದ್ದರಿಂದ ಆಮೇಲಿನ ಅಂಕ ತಾನಾಗಿಯೇ ಒಂದಿಷ್ಟು ತಗ್ಗುವುದು ಸಹಜ.

ಈ ವಾದ ಹಳೆಯದು. ಚಿಕಿತ್ಸೆ ಇಲ್ಲದೆಯೂ ಮೂವರಲ್ಲಿ ಇಬ್ಬರು ಚೇತರಿಸಿಕೊಳ್ಳುತ್ತಾರೆ ಎಂದು ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ 1952ರಲ್ಲೇ ಚುಚ್ಚಿದ್ದರು. 1977ರಲ್ಲಿ ಸಂಶೋಧಕರಾದ ಸ್ಮಿತ್ ಮತ್ತು ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿ ಪಡೆಯದವರಲ್ಲಿ ಮುಕ್ಕಾಲು ಪಾಲಿಗಿಂತ ಉತ್ತಮ ಸ್ಥಿತಿಯಲ್ಲಿರುತ್ತಾನೆಂದು ತೋರಿಸಿದರು. ಎರಡೂ ಕಡೆ ತೀರ್ಮಾನ ನಿಂತಿದ್ದು ಹೋಲಿಕೆಯ ಮೇಲೆ. ಕಾಲೇಜಿನಲ್ಲಿ ಹೋಲಿಕೆಗೆಂದು ಅಪಾಯದಲ್ಲಿರುವವರನ್ನು ಕಾಯಿಸುವುದು ಸಲ್ಲದು. ಸಮಾಲೋಚನೆಗೆ ಬಾರದವರಲ್ಲಿ, ಅದೇ ವಾರ ಅಷ್ಟೇ ಅಂಕವಿದ್ದವರನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಆದರೂ ತಾವಾಗಿ ಬಂದವರಿಗೂ ಬಾರದವರಿಗೂ ಮೊದಲಿನಿಂದಲೇ ವ್ಯತ್ಯಾಸವಿರಬಹುದೆಂಬ ಅನುಮಾನ ಉಳಿಯುತ್ತದೆ.

ಕೊನೆಯ ದಿನ ತುಂಬಿಸುವ ‘ತೃಪ್ತಿ’ ನಮೂನೆಯಂತೂ ನೆಚ್ಚುವಂಥದ್ದಲ್ಲ. ಅರ್ಧಕ್ಕೆ ಬಿಟ್ಟವರು ಅದನ್ನು ತುಂಬಿಸುವುದೇ ಇಲ್ಲ. ಕೋರ್-10ರಂಥ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಪ್ರತಿ ಭೇಟಿಯ ಆರಂಭದಲ್ಲೇ ಕೊಟ್ಟರೆ, ಎರಡೇ ಭೇಟಿಗೆ ನಿಲ್ಲಿಸಿದವರ ಸ್ಥಿತಿಯೂ ದಾಖಲಾಗುತ್ತದೆ. ಅಂಕದ ಜೊತೆಗೆ ತರಗತಿಯ ಹಾಜರಿ, ಬಾಕಿ ಪತ್ರಿಕೆಗಳನ್ನೂ ನೋಡಬೇಕು. ತಮಿಳುನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗೆ ‘ಅರಿಯರ್’ ಎಂಬ ಈ ಬಾಕಿಯೇ ಚಿಂತೆಯ ದೊಡ್ಡ ಮೂಲ. ಒಂದು ಕ್ಯಾಂಪಸ್ಸಿನ ಆತ್ಮಹತ್ಯೆಗಳ ಸಂಖ್ಯೆಯನ್ನು ಮಾತ್ರ ಈ ಅಳತೆಗೆ ಬಳಸಬಾರದು. ಅಷ್ಟು ಚಿಕ್ಕ ಸಂಖ್ಯೆ ವರ್ಷದಿಂದ ವರ್ಷಕ್ಕೆ ಆಕಸ್ಮಿಕವಾಗಿಯೇ ಏರಿಳಿಯುತ್ತದೆ, ಸಮಾಲೋಚಕರ ಕೆಲಸದ ಒಳಿತು ಕೆಡುಕನ್ನು ಅದು ಹೇಳದು.

ಉತ್ತರಗಳನ್ನು ಯಾರು ನೋಡುತ್ತಾರೆ ಎಂಬುದೂ ಅಳತೆಯ ಭಾಗವೇ. ನಮೂನೆಯ ತಲೆಯಲ್ಲಿ ರೋಲ್ ನಂಬರ್ ಇದ್ದು, ಅದು ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗುತ್ತದೆಂಬ ಗುಮಾನಿ ಹುಟ್ಟಿದರೆ ವಿದ್ಯಾರ್ಥಿಗಳು ಒಂಬತ್ತು ಪ್ರಶ್ನೆಗೂ ಸೊನ್ನೆ ಹಾಕಿ ಕೈತೊಳೆದುಕೊಳ್ಳುತ್ತಾರೆ, ವರದಿಯಲ್ಲಿ ಆ ಕಾಲೇಜಿನ ಆರೋಗ್ಯ ಬಹಳ ಚೆನ್ನಾಗಿ ಕಾಣುತ್ತದೆ.