ಆಪ್ತರಲ್ಲದ ಆಪ್ತ ಸಮಾಲೋಚಕರು

‘ಆಪ್ತ ಸಮಾಲೋಚನೆ’ ಎಂಬ ಹೆಸರಿನ ಮೊದಲರ್ಧ ಹೊಸಬರ ದಾರಿ ತಪ್ಪಿಸುತ್ತದೆ. ಬೀದರ್ ಜಿಲ್ಲೆಯ ನಿರ್ಣಾದಂಥ ಊರಿನಲ್ಲಿ ಆಪ್ತರೆಂದರೆ ಸೋದರಮಾವ, ಓಣಿಯ ಹಿರಿಯರು, ಮಠದ ಅಯ್ಯನವರು. ಅವರ ಮುಂದೆ ಕೂತರೆ ಸಿಗುವುದು ಬುದ್ಧಿಮಾತು. ಸಮಾಲೋಚಕರು ನೆಂಟರೂ ಅಲ್ಲ, ಊರವರೂ ಅಲ್ಲ. ನಾಳೆ ಮದುವೆ ಮನೆಯಲ್ಲಿ ಎದುರಾಗಿ ಮುಜುಗರ ತರುವವರೂ ಅಲ್ಲ. ಈ ಹೊರಗಿನತನವೇ ಪದ್ಧತಿಯ ದೊಡ್ಡ ಬಲ. ಹುಮನಾಬಾದ್–ಬಸವಕಲ್ಯಾಣದ ಕಡೆಗೆ ಅದೇ ದೊಡ್ಡ ತೊಡಕೂ ಹೌದು.

ಇದರ ಇಂಗ್ಲಿಷ್ ಹೆಸರಾದ ‘ಕೌನ್ಸೆಲಿಂಗ್’ ಎಂಬ ಮಾತಿನ ಪಾಡು ಇನ್ನೂ ವಿಚಿತ್ರ. ಕರ್ನಾಟಕದಲ್ಲಿ ಅದು ಸಿಇಟಿ ಸೀಟು ಹಂಚಿಕೆಗೂ ಶಿಕ್ಷಕರ ವರ್ಗಾವಣೆಗೂ ಸಲ್ಲುತ್ತದೆ. ‘ಆಪ್ತ ಸಮಾಲೋಚಕರು’ ಎಂಬ ಬೋರ್ಡು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಂಡದ್ದು ಎಚ್‌ಐವಿ ಪರೀಕ್ಷಾ ಕೇಂದ್ರದ ಬಾಗಿಲ ಮೇಲೆ. ಆ ಕೋಣೆಗೆ ಹೋದವರನ್ನು ಜನ ನೋಡಿದ ನೋಟದ ನೆರಳು ಮನಸ್ಸಿನ ಚಿಕಿತ್ಸೆಯ ಮೇಲೂ ಬಿದ್ದಿದೆ.

ಸಮಾಲೋಚಕರ ಬಳಿಗೆ ನೇರವಾಗಿ ಹೋಗುವವರು ಕಡಿಮೆ. ‘ನಿದ್ದಿ ಹತ್ತವಲ್ದು’, ‘ಎದಿ ಧಡಧಡ ಅಂತದ’ ಎಂದು ಮೊದಲು ದವಾಖಾನೆಗೆ ಹೋಗಿ ಇಸಿಜಿ ಮಾಡಿಸುತ್ತಾರೆ. ವರದಿ ಸರಿಯಿದ್ದರೆ ಗಾಳಿಯೋ ಮಾಟವೋ ಎಂಬ ಅನುಮಾನ ಹುಟ್ಟಿ ದರ್ಗಾಕ್ಕೋ ಗಾಣಗಾಪುರದ ದತ್ತಾತ್ರೇಯನ ಸನ್ನಿಧಿಗೋ ಪಯಣ. ಇದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅಲ್ಲಿ ದುಃಖವನ್ನು ಬಾಯಿಬಿಟ್ಟು ಹೇಳಲು ಒಂದು ಜಾಗವಿದೆ, ಆಸ್ಪತ್ರೆಯ ಸಾಲಿನಲ್ಲಿ ಆ ಜಾಗವಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹೊರಗೇ ಇದ್ದರು.

ಮೊದಲ ಭೇಟಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅದರಲ್ಲಿ ಪರಿಹಾರ ಸಿಗುವುದಿಲ್ಲ, ಪ್ರಶ್ನೆಗಳು ಸಿಗುತ್ತವೆ: ನಿದ್ದೆ, ಹಸಿವು, ದುಡಿಮೆ, ಸಾಲ, ಕುಡಿತ, ಮನೆಯವರ ನಡುವಿನ ಮಾತುಕತೆ, ಹಿಂದಿನ ಚಿಕಿತ್ಸೆ. ‘ಸಾಯಬೇಕು ಅನ್ನಿಸಿದೆಯೇ?’ ಎಂದೂ ಕೇಳುತ್ತಾರೆ. ಕೇಳಿದರೆ ಆ ವಿಚಾರ ತಲೆ ಹೊಗುತ್ತದೆ ಎಂಬ ಭಯ ನಿರಾಧಾರ; ಎಷ್ಟೋ ಮಂದಿಗೆ ಅದನ್ನು ಹೇಳಿಕೊಂಡದ್ದೇ ಮೊದಲ ಹಗುರ. ಮಾತ್ರೆ ಬರೆಯುವ ಅಧಿಕಾರ ಸಮಾಲೋಚಕರಿಗಿಲ್ಲ. ಅಗತ್ಯ ಕಂಡರೆ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಬುದ್ಧಿಮಾತಿಗೆ ಕಾದು ಕೂತವರು ‘ಏನೂ ಹೇಳಲೇ ಇಲ್ಲ’ ಎಂದು ಬೇಸರದಿಂದ ಹಿಂತಿರುಗುವುದು ಇಲ್ಲಿಯೇ. ಆದರೆ ಮೊದಲ ದಿನವೇ ‘ಹೊಂದಿಕೊಂಡು ಹೋಗಿ’ ಎನ್ನುವ ಸಮಾಲೋಚಕರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು.

ಗುಟ್ಟಿನ ವಿಷಯ ಮೊದಲೇ ಸ್ಪಷ್ಟವಾಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕಾಗಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ದೂರವಿಡುವುದು 115ನೇ ಕಲಂ. ಗುಟ್ಟಿಗೆ ಮಿತಿಯೂ ಇದೆ: ಜೀವಕ್ಕೆ ಅಪಾಯವಿದ್ದಾಗ ಬಾಯಿ ತೆರೆಯಬಹುದು; ನ್ಯಾಯಾಲಯ ಕೇಳಿದಾಗ, ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದಾಗ ತೆರೆಯಲೇಬೇಕು. ಕಾಯ್ದೆಯ ಅಕ್ಷರ ಗಟ್ಟಿ, ಕೋಣೆಯ ಗೋಡೆ ಮಾತ್ರ ತೆಳು. ಸೊಸೆಯ ಜೊತೆ ಅತ್ತೆ ಒಳಗೇ ಕೂತಿದ್ದರೆ, ಬಾಗಿಲಿಗೆ ಬರಿಯ ಪರದೆ ಇದ್ದು ಹೊರಗೆ ಸಾಲು ನಿಂತಿದ್ದರೆ ಆ ಗಂಟೆ ವಿಚಾರಣೆಯಾಗುತ್ತದೆಯೇ ಹೊರತು ಚಿಕಿತ್ಸೆಯಾಗದು. ಜೊತೆಗೆ ಬಂದವರನ್ನು ವಿನಯದಿಂದ ಹೊರಗೆ ಕೂರಿಸುವುದೇ ಒಳ್ಳೆಯ ಸಮಾಲೋಚಕರ ಮೊದಲ ಗುರುತು.

ಗುಟ್ಟಿನ ಜೊತೆಗೆ ಎರಡನೆಯ ತೊಡಕು ಭಾಷೆ. ಈ ಗಡಿಸೀಮೆಯಲ್ಲಿ ಮನೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಎನ್ನುವಂಥ ಬದುಕುಗಳಿವೆ. ಪಠ್ಯದ ‘ಖಿನ್ನತೆ’ ಇಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ; ‘ಜೀವ ಬ್ಯಾಸರ ಆಗ್ಯಾದ’ ಎನ್ನುತ್ತಾರೆ. ಇದನ್ನು ಕೇಳಿ ಬರಿ ಬೇಸರವೆಂದು ಬರೆದುಕೊಂಡರೆ ಅರ್ಧ ಕಾಯಿಲೆ ಕೈತಪ್ಪುತ್ತದೆ. ನಂಬಿಕೆ–ವರ್ತನೆಗಳನ್ನು ತಿದ್ದುವ ಸಿಬಿಟಿ ಪದ್ಧತಿಯಲ್ಲಿ ದಿನಚರಿ ಬರೆದು ತರಲು ಹೇಳುವುದು ರೂಢಿ. ಓದುಬರಹ ಬಾರದವರಿಗೆ ಅದು ಇನ್ನೊಂದು ಅವಮಾನ.

ಮೂರನೆಯದು ದೂರ ಮತ್ತು ಹೊತ್ತು. ವಾರಕ್ಕೊಮ್ಮೆಯಂತೆ ಆರರಿಂದ ಇಪ್ಪತ್ತು ಭೇಟಿ ಎಂಬ ಲೆಕ್ಕ ನಗರದ ಸಂಬಳದಾರರನ್ನು ಕಣ್ಣಮುಂದಿಟ್ಟುಕೊಂಡದ್ದು. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಳಿದಿದೆ, ಕೂಲಿ ಉಳಿದಿಲ್ಲ. ಸೋಯಾ ಕೊಯ್ಲು, ತೊಗರಿ ರಾಶಿಯ ದಿನಗಳಲ್ಲಿ ಯಾರೂ ಬರಲಾರರು. ಅದನ್ನು ‘ಅಸಹಕಾರ’ ಎಂದು ಕಡತದಲ್ಲಿ ಬರೆಯುವುದು ಅನ್ಯಾಯ.

ಈ ತೊಡಕುಗಳಿಗೆ ಉತ್ತರವನ್ನು ಹೊರದೇಶದಲ್ಲಿ ಹುಡುಕಬೇಕಿಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದು ಮದ್ದನ್ನು ಹಳ್ಳಿಯ ಸಮೀಪಕ್ಕೆ ತಂದಿತು, ಮಾತನ್ನು ಅಷ್ಟಾಗಿ ತರಲಿಲ್ಲ. ಆ ಕೊರತೆಗೆ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಅಧ್ಯಯನ ಉತ್ತರ ಕೊಟ್ಟಿದೆ. 2017ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮನೋವಿಜ್ಞಾನದ ಪದವಿಯಿಲ್ಲದ, ತರಬೇತಿ ಪಡೆದ ಸ್ಥಳೀಯರು ಆರರಿಂದ ಎಂಟು ಭೇಟಿಗಳಲ್ಲಿ ತೀವ್ರ ಖಿನ್ನತೆಯನ್ನು ಗಮನಾರ್ಹವಾಗಿ ತಗ್ಗಿಸಿದ್ದರು. ಊರಿನ ಭಾಷೆ ಬಲ್ಲ ಸಮಾಲೋಚಕರು ಸಿಗುವುದು ಅಸಾಧ್ಯವಲ್ಲ ಎಂಬುದಕ್ಕೆ ಇದು ಸಾಕ್ಷಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಮನೆಯಲ್ಲಿ ಒಂದೇ ಮೊಬೈಲು, ಅದೂ ಗಂಡನ ಕೈಯಲ್ಲಿದ್ದರೆ ಆ ಉಚಿತಕ್ಕೆ ಬೆಲೆ ಕಡಿಮೆ.

ಖಾಸಗಿಯಾಗಿ ಹೋಗುವವರು ಶುಲ್ಕದ ಜೊತೆಗೆ ಓದು, ತರಬೇತಿಯನ್ನೂ ಕೇಳಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದುಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನಾಲ್ಕಾರು ಭೇಟಿಯಾದರೂ ಏನೂ ಕದಲದಿದ್ದರೆ ಅದನ್ನು ಎದುರಿಗೇ ಹೇಳಿ ಬೇರೆಯವರ ಹೆಸರು ಕೇಳುವುದು ತಪ್ಪಲ್ಲ. ಸುಧಾರಿಸಿದರೆ ಭೇಟಿಗಳ ನಡುವಿನ ಅಂತರ ಹದಿನೈದು ದಿನ, ತಿಂಗಳು ಎಂದು ಹಿಗ್ಗುತ್ತದೆ. ತೊಂದರೆ ಮರುಕಳಿಸುವುದಾದರೆ ಯಾವ ಲಕ್ಷಣ ಮೊದಲು ತಲೆ ಎತ್ತುತ್ತದೆ, ಆಗ ಯಾರಿಗೆ ಹೇಳಬೇಕು ಎಂಬುದನ್ನು ಕೊನೆಯ ಭೇಟಿಯಲ್ಲಿ ಇಬ್ಬರೂ ಕೂತು ಗುರುತಿಸಿಟ್ಟುಕೊಳ್ಳುತ್ತಾರೆ.