ಮಿಂಚುವ ಜೀಪಿನ ಅಡಿಗೆ ಬಗ್ಗಿ ನೋಡಿ

ಮಲೆನಾಡಿನಲ್ಲೂ ಕೊಡಗಿನಲ್ಲೂ ಹಳೇ ಜೀಪುಗಳಿಗೆ ಈಗ ಶುಕ್ರದೆಸೆ. ತೋಟದ ಶೆಡ್ಡಿನಲ್ಲಿ ಕೋಳಿ ಕೂರುತ್ತಿದ್ದ, ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳಿದ್ದ ಮಹೀಂದ್ರ ಸಿಜೆ-3ಬಿಯನ್ನು ಮೊಮ್ಮಗ ಅಂಗಳಕ್ಕೆ ಎಳೆದು ತಂದು ‘ರಿಸ್ಟೋರ್’ ಮಾಡಲು ಕೂರುತ್ತಾನೆ. ಕೆಲವು ತಿಂಗಳಲ್ಲಿ ಫೋಟೊ ಬರುತ್ತದೆ: ಮುಖ ಕಾಣುವಂಥ ಬಣ್ಣ, ದಪ್ಪ ಟೈರು, ಸಾಲು ಎಲ್‌ಇಡಿ ದೀಪ. ಈ ಹವ್ಯಾಸದ ಬಗ್ಗೆ ನನಗೆ ಗೌರವವಿದೆ. ಅದರಿಂದ ಹೊರಬರುವ ಗಾಡಿಗಳಲ್ಲಿ ಹೆಚ್ಚಿನವುಗಳ ಬಗ್ಗೆ ಇಲ್ಲ. ಖರ್ಚೆಲ್ಲ ಕಣ್ಣಿಗೆ ಬೀಳುವ ಕಡೆಗೇ ಹೋಗಿರುತ್ತದೆ.

ಮನೆಯಲ್ಲೇ ಬಿಚ್ಚಿ ಕಟ್ಟಲು ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ ಎಂಬುದನ್ನು ಮೊದಲೇ ಒಪ್ಪಬೇಕು. ಸಿಜೆ-3ಬಿ 1953ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಹೊರತಂದ ಮಾದರಿ. ಅದರ 2.2 ಲೀಟರಿನ ‘ಹರಿಕೇನ್’ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಹರಿವಿನ ವಾಲ್ವುಗಳು ತಲೆಯ ಮೇಲೆ ಕೂತಿದ್ದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮವರು ಅದನ್ನು ‘ಹೈ ಬಾನೆಟ್’ ಎಂದೇ ಕರೆದರು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಈ ಮೈಕಟ್ಟು ಇಲ್ಲಿ ಮುಂದೆ ದಶಕಗಳ ಕಾಲ ನಡೆಯಿತು. ಹಾಗಾಗಿ ಬಿಡಿಭಾಗ ಹುಡುಕಿಕೊಂಡು ವಿದೇಶಕ್ಕೆ ಬರೆಯಬೇಕಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಓಡಾಡಿದರೆ ಬಹಳಷ್ಟು ಸಿಗುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಾಡಿ ಷಾಸಿಯ ಮೇಲೆ ಬೋಲ್ಟಿನಿಂದ ಕೂತಿದೆ. ಬೋಲ್ಟ್ ಬಿಚ್ಚಿ ನಾಲ್ಕಾರು ಜನ ಕೈಹಾಕಿದರೆ ಎತ್ತಿ ಪಕ್ಕಕ್ಕಿಡಬಹುದು.

ಹೆಚ್ಚಿನವರು ಎತ್ತಿಡುವುದಿಲ್ಲ. ವಿಮರ್ಶೆ ಶುರುವಾಗಬೇಕಾದ್ದು ಇಲ್ಲಿಂದ.

ಜೀಪಿನ ತುಕ್ಕು ಹುಟ್ಟುವುದು ಮಡ್‌ಗಾರ್ಡಿನ ಮೇಲಲ್ಲ. ನೆಲದ ತಗಡಿನ ಕೆಳಗೆ ಅಡ್ಡಕ್ಕೆ ಹೋಗುವ ಪಟ್ಟಿಗಳ ಒಳಗೆ, ಬಾಡಿ ಷಾಸಿಗೆ ಕೂರುವ ಜಾಗಗಳಲ್ಲಿ, ಸ್ಪ್ರಿಂಗ್ ಹ್ಯಾಂಗರಿನ ಹಿಂದೆ ಕೆಸರು ಸೇರಿ ಮಳೆಗಾಲವಿಡೀ ಒದ್ದೆಯಾಗಿರುತ್ತದೆ. ಎರಡನೇ ಮಹಾಯುದ್ಧದ ಜೀಪುಗಳಲ್ಲಂತೂ ಈ ಪಟ್ಟಿಗಳೊಳಗೆ ಮರದ ತುಂಡು ಕೂರಿಸಿದ್ದರು. ಅದು ನೀರು ಹೀರಿಕೊಂಡು ತಗಡನ್ನು ಒಳಗಿನಿಂದಲೇ ತಿಂದಿತು. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಕಬ್ಬಿಣ ‘ಠಣ್’ ಎನ್ನುತ್ತದೆ, ಕೊಳೆತದ್ದು ‘ಡಬ್’ ಎನ್ನುತ್ತದೆ. ‘ಡಬ್’ ಎಂದ ಕಡೆ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ, ತಗಡು ಹಪ್ಪಳದಂತೆ ಮುರಿಯುತ್ತದೆ. ಅದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡು ಕೂರಿಸಿ ವೆಲ್ಡ್ ಮಾಡಬೇಕು. ಆಗುತ್ತಿರುವುದು ಬೇರೆ: ತೂತಿನ ಮೇಲೊಂದು ತೇಪೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ಹಿಂದೆ ತುಕ್ಕು ಉಳಿದ ಪುಟ್ಟಿ ನೀರು ಕುಡಿಯುತ್ತದೆ. ಆಗುಂಬೆ ಕಡೆಯ ಒಂದು ಮಳೆಗಾಲ ಸಾಕು, ಬಣ್ಣ ಗುಳ್ಳೆ ಏಳುತ್ತದೆ.

ಮನೆಯ ಕೆಲಸಕ್ಕೆ ಗ್ಯಾರೇಜಿಗಿಲ್ಲದ ಒಂದು ಅನುಕೂಲವಿದೆ, ಸಮಯ. ಬ್ರಾಕೆಟ್ಟು, ಕೀಲುಗಳಂಥ ಸಣ್ಣ ಭಾಗಗಳನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ನೀರಿಗೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ಅದಕ್ಕೂ ಪ್ಲಸ್ ತಂತಿಯನ್ನು ಹಳೇ ಕಬ್ಬಿಣದ ತುಂಡಿಗೂ ಕಟ್ಟಿದರೆ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಸಡಿಲವಾಗಿ ಕಪ್ಪಗಾಗುತ್ತದೆ. ಒಳ್ಳೆಯ ಲೋಹ ಸವೆಯುವುದಿಲ್ಲ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಬೇಕು. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಇನ್ನು, ನಮ್ಮ ಕಡೆಯ ತೇವದ ಗಾಳಿಗೆ ಉಜ್ಜಿದ ಕಬ್ಬಿಣ ಮರುದಿನಕ್ಕೇ ಕೆಂಪಾಗುತ್ತದೆ. ಆ ದಿನವೇ ಪ್ರೈಮರ್ ಹೊಡೆಯಲಾಗುವಷ್ಟನ್ನೇ ಉಜ್ಜುವುದು ಲೇಸು. ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದೂ ನೀರು ಬಿಡುತ್ತದೆ, ಮೇಲೊಂದು ಬಣ್ಣ ಬೇಕೇ ಬೇಕು.

ಮನೆಯಲ್ಲಿ ಮಾಡಬಾರದ್ದೂ ಇದೆ. ಷಾಸಿಯ ವೆಲ್ಡಿಂಗ್ ಕಲಿಕೆಯ ವಸ್ತುವಲ್ಲ. ಬ್ರೇಕೂ ಹಾಗೆಯೇ. ಈ ಜೀಪಿನ ಮೂಲ ವ್ಯವಸ್ಥೆಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಹೈಡ್ರಾಲಿಕ್ ಸಾಲು. ಒಂದು ಹೋಸ್ ಒಡೆದರೆ ನಾಲ್ಕೂ ಡ್ರಮ್ಮು ಸುಮ್ಮನಾಗುತ್ತವೆ. ದೀಪಕ್ಕೆ, ವಿಂಚಿಗೆ ಸುರಿದ ಹಣದಲ್ಲಿ ಸಣ್ಣ ಪಾಲು ಮಾಸ್ಟರ್ ಸಿಲಿಂಡರಿಗೂ ಹೊಸ ಪೈಪುಗಳಿಗೂ ಹೋಗಿದ್ದರೆ ನಾನು ಇಷ್ಟು ಗೊಣಗುತ್ತಿರಲಿಲ್ಲ.

ನನ್ನ ದೊಡ್ಡ ತಕರಾರು ಬಾನೆಟ್ಟಿನ ಮೇಲಿನ ಬಿಳಿ ನಕ್ಷತ್ರದ ಬಗ್ಗೆ. ತೋಟದ ಜೀಪಿಗೆ ಹಸಿರು ಬಳಿದು ಅಮೆರಿಕ ಸೇನೆಯ ವೇಷ ಹಾಕುವ ಚಾಳಿ ಹಬ್ಬಿದೆ. ಯುದ್ಧದ ವಿಲ್ಲಿಸ್ ಎಂಬಿ 1941ರಿಂದ 45ರವರೆಗಿನದು: ತಗ್ಗು ಬಾನೆಟ್, ಮುಂಭಾಗದ ಜಾಲರಿಯಲ್ಲಿ ಒಂಬತ್ತು ಸೀಳು. ನಿಮ್ಮ ಹೈ ಬಾನೆಟ್ಟಿನಲ್ಲಿ ಏಳು ಸೀಳು, ಮೇಲಾಗಿ ಅದು ಹುಟ್ಟುವ ಹೊತ್ತಿಗೆ ಆ ಯುದ್ಧ ಮುಗಿದು ವರ್ಷಗಳೇ ಆಗಿದ್ದವು. ಅದರ ನಿಜವಾದ ಚರಿತ್ರೆ ಕಾಫಿ ಮೂಟೆಯದು, ಆಳುಗಳನ್ನು ಹೇರಿಕೊಂಡು ಹತ್ತಿದ ಏರಿಯದು, ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಇಳಿಸಿದ ರಾತ್ರಿಗಳದು. ಮಾಂದಲಪಟ್ಟಿಗೆ, ಕ್ಯಾತನಮಕ್ಕಿಗೆ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳು ಬಣ್ಣಗೆಟ್ಟಿದ್ದರೂ ಈ ವೇಷಧಾರಿಗಳಿಗಿಂತ ಮರ್ಯಾದಸ್ಥ ಗಾಡಿಗಳು.

ಕಾನೂನೂ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ ಮಾತ್ರ ‘ವಿಂಟೇಜ್’ ನೋಂದಣಿ; ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದವರು ಆರ್‌ಸಿ ತೆರೆದು ನೋಡಿಕೊಳ್ಳಲಿ. ಗ್ರೈಂಡರ್ ಹಿಡಿದ ಉತ್ಸಾಹದಲ್ಲಿ ಷಾಸಿ ನಂಬರನ್ನೂ ಉಜ್ಜಿ ಹಾಕಿದರಂತೂ ಆರ್‌ಟಿಒ ಲೆಕ್ಕದಲ್ಲಿ ಆ ಗಾಡಿ ಇಲ್ಲವೇ ಇಲ್ಲ.

ಇಂಥ ಜೀಪನ್ನು ಕೊಳ್ಳಹೊರಟಿದ್ದರೆ, ಮಾರುವವರು ಬಾನೆಟ್ ಎತ್ತಿ ತೋರಿಸುವಾಗ ನೀವು ಟಾರ್ಚ್ ಹಿಡಿದು ಕೆಳಗೆ ತೂರಿಕೊಳ್ಳಿ. ಅಡಿಯೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ, ಬಳಿಯುವ ಮುಂಚಿನ ಫೋಟೊ ಕೇಳಿ. ಇಲ್ಲ ಎಂದರೆ ಬೆಲೆ ಮಾತಾಡದೆ ಮನೆಗೆ ಬನ್ನಿ.